ನಿಧಾನವಾದ ಗೇರಿಗೇ ಹೆಚ್ಚು ಬೆಲೆ ಏಕೆ?

ಪ್ರಶ್ನೆ: ನಾನು ಕುಮಟಾ ಸಮೀಪದವನು, ವಯಸ್ಸು 54. ಅಡಿಕೆ ವ್ಯವಹಾರದ ಸಲುವಾಗಿ ವಾರಕ್ಕೆ ಮೂರು-ನಾಲ್ಕು ಬಾರಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬರುತ್ತೇನೆ. 30 ವರ್ಷಗಳಿಂದ ಮ್ಯಾನುವಲ್ ಗೇರಿನ ವಾಹನಗಳನ್ನೇ ಓಡಿಸಿದವನು. ಈಗಿರುವುದು 11 ವರ್ಷ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್. ಮಳೆಗಾಲದ ಬೆಳಿಗ್ಗೆ ಎರಡನೇ ಗೇರ್ ಸ್ವಲ್ಪ ಬಿಗಿ ಎನ್ನುವುದನ್ನು ಬಿಟ್ಟರೆ ತೊಂದರೆ ಕೊಟ್ಟಿಲ್ಲ. ಎಡ ಮೊಣಕಾಲು ನೋಯಲು ತೊಡಗಿದ ಮೇಲೆ ಮನೆಯಲ್ಲಿ ಎಲ್ಲರೂ ಆಟೊಮ್ಯಾಟಿಕ್ ಕೊಳ್ಳಲು ಒತ್ತಾಯಿಸುತ್ತಿದ್ದಾರೆ. ಮ್ಯಾನುವಲ್ ಕಾಲ ಮುಗಿಯಿತು, ಫೆರಾರಿ, ಲ್ಯಾಂಬೊರ್ಗಿನಿಯವರೇ ಅದನ್ನು ಕೈಬಿಟ್ಟರು ಎಂದು ಇಂಜಿನಿಯರಿಂಗ್ ಓದುತ್ತಿರುವ ಮಗಳು ವಾದಿಸುತ್ತಾಳೆ. ಆದರೆ ದುಬೈಯಲ್ಲಿರುವ ಅಣ್ಣನ ಮಗ ಪೋರ್ಷೆ 911 ಜಿಟಿ3 ಎಂಬ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟಿದ್ದು, ಒಂದೇ ವರ್ಷದ, ಹೆಚ್ಚುಕಡಿಮೆ ಒಂದೇ ಓಟದ ಎರಡು ಕಾರುಗಳಲ್ಲಿ ಮ್ಯಾನುವಲ್ ಇರುವುದಕ್ಕೇ ಹೆಚ್ಚು ಬೆಲೆ ಕೇಳುತ್ತಿದ್ದಾರಂತೆ. ಕಾಲ ಮುಗಿದ ವಸ್ತುವಿಗೆ ಹೆಚ್ಚು ಬೆಲೆ ಏಕೆ? ಅವನು ಯಾವುದನ್ನು ಕೊಳ್ಳಬೇಕು, ನಾನು ಯಾವುದನ್ನು ಕೊಳ್ಳಬೇಕು? ನನ್ನದು ಬರಿಯ ಹಳೆಯ ಅಭ್ಯಾಸದ ಹಠವೇ?

ಉತ್ತರ: ನೀವು ಎರಡು ಕಾರುಗಳ ಬಗ್ಗೆ ಕೇಳಿದ್ದೀರಾದರೂ ನಿಮ್ಮನ್ನು ಕಾಡುತ್ತಿರುವುದು ಕೊನೆಯ ವಾಕ್ಯದಲ್ಲಿರುವ ಪ್ರಶ್ನೆಯೇ ಎಂದು ನನಗೆ ತೋರುತ್ತದೆ: ಮೂವತ್ತು ವರ್ಷ ಕೈ ಮತ್ತು ಕಾಲು ಕೂಡಿ ಕಲಿತದ್ದಕ್ಕೆ ಇನ್ನು ಬೆಲೆಯಿಲ್ಲವೇ ಎಂಬುದು. ನಾನು ಒಂಬತ್ತು ವರ್ಷ ಕೊಲ್ಲಿ ದೇಶದ ಒಂದು ವರ್ಕ್‌ಶಾಪಿನಲ್ಲಿ ಸ್ಪೋರ್ಟ್ಸ್ ಕಾರುಗಳ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೆಲಸ ಮಾಡಿ, ಆಮೇಲೆ ಶಿರಸಿಗೆ ಮರಳಿ ಇಲ್ಲಿನ ಪಿಕಪ್, ಜೀಪು, ಕಾರುಗಳ ಗೇರ್‌ಬಾಕ್ಸುಗಳ ನಡುವೆ ದಿನ ಕಳೆಯುತ್ತಿರುವವನು. ಎರಡೂ ಕಡೆ ಕಂಡದ್ದನ್ನು ಇಟ್ಟುಕೊಂಡೇ ಉತ್ತರಿಸುತ್ತೇನೆ.

ಮೊದಲು ನಿಮ್ಮ ಮಗಳ ವಾದವನ್ನು ನೋಡೋಣ. ವೇಗದ ಮಟ್ಟಿಗೆ ಅವಳು ಹೇಳುವುದು ಪೂರ್ತಿ ಸರಿ, ಮತ್ತು ಇದು ಇಂದು ನಿನ್ನೆಯ ಮಾತಲ್ಲ. 1989ರಲ್ಲಿ ಫೆರಾರಿ ತಂಡವು ಫಾರ್ಮುಲಾ ಒನ್ ಪಂದ್ಯಕ್ಕೆ ತಂದ 640 ಎಂಬ ಕಾರಿನಲ್ಲಿ ಚಾಲಕನು ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಂಬ ಪಟ್ಟಿಯನ್ನು ಬೆರಳಿನಿಂದ ಎಳೆದರೆ ಸಾಕಿತ್ತು; ಕ್ಲಚ್ ಬಿಡಿಸುವುದು, ಗೇರ್ ಬದಲಿಸುವುದು, ಮತ್ತೆ ಕ್ಲಚ್ ಹಿಡಿಸುವುದು ಎಲ್ಲವನ್ನೂ ವಿದ್ಯುತ್ ಮತ್ತು ಎಣ್ಣೆಯ ಒತ್ತಡದ ವ್ಯವಸ್ಥೆ ಮಾಡುತ್ತಿತ್ತು. ಆ ಕಾರು ತನ್ನ ಮೊದಲ ಪಂದ್ಯವನ್ನೇ, ಬ್ರೆಜಿಲ್‌ನಲ್ಲಿ, ನೈಜೆಲ್ ಮ್ಯಾನ್ಸೆಲ್ ಕೈಯಲ್ಲಿ ಗೆದ್ದಿತು. 1997ರಲ್ಲಿ ಅದೇ ತತ್ತ್ವದ ಗೇರ್‌ಬಾಕ್ಸ್ ಫೆರಾರಿ ಎಫ್355 ಮೂಲಕ ರಸ್ತೆಗೆ ಬಂತು. ಇಲ್ಲೊಂದು ಸಂಗತಿ ನಿಮಗೆ ನೇರವಾಗಿ ಸಂಬಂಧಿಸಿದ್ದು. ಆ ವ್ಯವಸ್ಥೆಯನ್ನು ರೂಪಿಸುವುದರಲ್ಲಿ ಪಾಲು ಪಡೆದ ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯ ತಂತ್ರಜ್ಞಾನವೇ 2014ರಲ್ಲಿ ಮಾರುತಿ ಸೆಲೆರಿಯೊದ ಎಎಂಟಿಯಾಗಿ ನಮ್ಮ ದೇಶದ ಸಾಮಾನ್ಯ ಕೊಳ್ಳುಗರ ಕೈಗೆ ಬಂದಿತು. ಒಳಗಿರುವುದು ನಮ್ಮ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕಾಲು ಮತ್ತು ಗೇರ್ ಹಾಕುವ ಕೈ ಮಾತ್ರ ಯಂತ್ರದವು. ಶಿರಸಿ ಪೇಟೆಯಲ್ಲಿ ಎಎಂಟಿ ಕಾರು ಗೇರ್ ಬದಲಿಸುವಾಗ ತಲೆ ಒಮ್ಮೆ ಮುಂದಕ್ಕೆ ಬಾಗುತ್ತದಲ್ಲ, ಆ ಕಾಲದ ಫೆರಾರಿಯಲ್ಲೂ ನಿಧಾನವಾಗಿ ಹೋಗುವಾಗ ಅದೇ ಬಾಗು ಇತ್ತು, ಏಕೆಂದರೆ ಎರಡರಲ್ಲೂ ಒಂದೇ ಕ್ಲಚ್, ಮತ್ತು ಅದು ಬಿಟ್ಟು ಹಿಡಿಯುವಷ್ಟು ಹೊತ್ತು ಚಕ್ರಕ್ಕೆ ಬಲ ಹೋಗುವುದಿಲ್ಲ.

ಆ ಬಾಗನ್ನು ಇಲ್ಲವಾಗಿಸಿದ್ದು ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಒಂದು ಕ್ಲಚ್ಚಿಗೆ 1, 3, 5ನೇ ಗೇರುಗಳನ್ನೂ ಇನ್ನೊಂದಕ್ಕೆ 2, 4, 6ನೆಯವನ್ನೂ ಹಂಚಿರುತ್ತಾರೆ. ನೀವು ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ತಯಾರಾಗಿ ಕುಳಿತಿರುತ್ತದೆ, ಒಂದು ಕ್ಲಚ್ ಸಡಿಲವಾಗುತ್ತಿದ್ದಂತೆ ಇನ್ನೊಂದು ಬಿಗಿಯಾಗುತ್ತದೆ, ಬಲ ಎಲ್ಲಿಯೂ ತುಂಡಾಗುವುದಿಲ್ಲ. ಪೋರ್ಷೆ ಇದನ್ನು 1980ರ ದಶಕದಲ್ಲಿ 962 ಎಂಬ ಪಂದ್ಯದ ಕಾರಿನಲ್ಲಿ ಪರೀಕ್ಷಿಸಿ, 2008ರಲ್ಲಿ ಪಿಡಿಕೆ ಎಂಬ ಹೆಸರಿನಲ್ಲಿ 911ಕ್ಕೆ ಅಳವಡಿಸಿತು. 2005ರ ಬುಗಾಟಿ ವೇರಾನ್‌ನಲ್ಲಿ ಮ್ಯಾನುವಲ್ ಇರಲೇ ಇಲ್ಲ, 2009ರ ಫೆರಾರಿ 458 ಇಟಾಲಿಯಾದಲ್ಲಿಯೂ ಇರಲಿಲ್ಲ. 2013ರಲ್ಲಿ ಗಲಾರ್ಡೊ ಮಾದರಿಯ ತಯಾರಿಕೆ ನಿಂತಾಗ ಲ್ಯಾಂಬೊರ್ಗಿನಿಯಲ್ಲೂ ಅದು ಮುಗಿಯಿತು. ನಿಮ್ಮ ಅಣ್ಣನ ಮಗ ನೋಡಿರುವ ಜಿಟಿ3ಯ ಲೆಕ್ಕವನ್ನೇ ತೆಗೆದುಕೊಂಡರೆ, ಕಂಪನಿ ಕೊಡುವ ಅಂಕಿಯ ಪ್ರಕಾರ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಪಿಡಿಕೆ ಕಾರಿಗೆ 3.4 ಸೆಕೆಂಡು, ಮ್ಯಾನುವಲ್ ಕಾರಿಗೆ 3.9 ಸೆಕೆಂಡು. ಚಾಲಕ ಎಷ್ಟೇ ಪಳಗಿದವನಾದರೂ ಈ ಅರ್ಧ ಸೆಕೆಂಡನ್ನು ತುಂಬಿಕೊಡಲಾರ. ಮ್ಯಾನುವಲ್ ಕಾರೇ ನಿಜವಾಗಿ ವೇಗವಾಗಿ ಓಡುವುದು ಎಂದು ಈಗಲೂ ಹೇಳುವವರಿದ್ದಾರೆ. ಅವರ ಮಾತನ್ನು ನಂಬಬೇಡಿ.

ವೇಗವೊಂದೇ ಅಲ್ಲ, ಬಲದ ಸಮಸ್ಯೆಯೂ ಇತ್ತು. ಎಂಜಿನ್ನಿನ ತಿರುಚುಬಲ (ಟಾರ್ಕ್) ಹೆಚ್ಚಿದಷ್ಟೂ ಕ್ಲಚ್ ಪ್ಲೇಟನ್ನು ಹೆಚ್ಚು ಬಿಗಿಯಾಗಿ ಒತ್ತಿಹಿಡಿಯಬೇಕು, ಹಾಗೆ ಒತ್ತುವ ಸ್ಪ್ರಿಂಗನ್ನು ಬಿಡಿಸಬೇಕಾದದ್ದು ಚಾಲಕನ ಎಡಗಾಲು. ಪ್ಲೇಟುಗಳ ಸಂಖ್ಯೆ ಹೆಚ್ಚಿಸಿ ಕಾಲಿನ ಭಾರ ಇಳಿಸಬಹುದು, ಆದರೆ ಆಗ ಹಾಫ್ ಕ್ಲಚ್ಚಿನ ಜಾಗ ಕಿರಿದಾಗಿ, ಹಿಡಿತ ಒಮ್ಮೆಗೇ ಬಂದುಬಿಡುತ್ತದೆ. ಪೋರ್ಷೆ ಕರೆರಾ ಜಿಟಿ ಎಂಬ 612 ಅಶ್ವಶಕ್ತಿಯ ಕಾರಿನಲ್ಲಿ ಸೆರಾಮಿಕ್ ಕ್ಲಚ್ಚಿನ ವ್ಯಾಸ ಕೇವಲ 169 ಮಿಲಿಮೀಟರ್, ಅಂದರೆ ಊಟದ ತಟ್ಟೆಗಿಂತ ಎಷ್ಟೋ ಚಿಕ್ಕದು. ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಮಾತ್ರ ಮೆಲ್ಲಗೆ ಬಿಟ್ಟು ಹೊರಡಬೇಕೆಂಬ ಸೂಚನೆ ಇದ್ದರೂ ಅದು ಅನುಭವಿ ಚಾಲಕರ ಕೈಯಲ್ಲೂ ಸಿಗ್ನಲ್ಲಿನಲ್ಲಿ ನಿಂತುಬಿಡುತ್ತಿತ್ತು. ಹೈಬ್ರಿಡ್ ಬಂದ ಮೇಲೆ ವಿದ್ಯುತ್ ಮೋಟಾರು ಮತ್ತು ಎಂಜಿನ್ನುಗಳ ತಾಳ ಹೊಂದಿಸುವ ಕೆಲಸವೂ ಸೇರಿಕೊಂಡು, ನಡುವೆ ಮನುಷ್ಯನ ಕಾಲಿಗೆ ಜಾಗ ಕೊಡುವುದು ಇನ್ನಷ್ಟು ಕಷ್ಟವಾಯಿತು. ಮ್ಯಾನುವಲ್ ಕೇಳುವವರು ಕಡಿಮೆಯಾದಂತೆ, ಅದಕ್ಕೆಂದೇ ಬೇರೆ ವಿನ್ಯಾಸ, ಬೇರೆ ಹೊಗೆ ಪರೀಕ್ಷೆಗಳ ಖರ್ಚು ಹೊರುವುದನ್ನೂ ಕಂಪನಿಗಳು ನಿಲ್ಲಿಸಿದವು.

ಮ್ಯಾನುವಲ್ ಮರಳಿ ಬಂದದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. 2013ರಲ್ಲಿ ಪೋರ್ಷೆ ಹೊಸ ಜಿಟಿ3ಯನ್ನು ಪಿಡಿಕೆಯೊಂದಿಗೆ ಮಾತ್ರ ತಂದಿತು. ಪಂದ್ಯದ ಮೈದಾನಕ್ಕೆ ಹೊಂದುವ ಕಾರಿಗೆ ವೇಗವಾದ ಗೇರ್‌ಬಾಕ್ಸ್ ಕೊಡುವುದು ತರ್ಕಬದ್ಧವೇ. 2016ರಲ್ಲಿ ಅದೇ ಕಂಪನಿ ಆರು ಗೇರಿನ ಮ್ಯಾನುವಲ್ ಇರುವ, 500 ಅಶ್ವಶಕ್ತಿಯ 911 ಆರ್ ಎಂಬ ಕಾರನ್ನು 991ರ ಸಂಖ್ಯೆಯಲ್ಲಿ ಮಾತ್ರ ತಯಾರಿಸಿತು. ಅವು ಕೂಡಲೇ ಮಾರಾಟವಾಗಿ, ಮರುಮಾರಾಟದಲ್ಲಿ ಮೂಲ ಬೆಲೆಯ ಹಲವು ಪಟ್ಟು ಕೇಳತೊಡಗಿದರು. 2017ರ ಜಿಟಿ3ಯಲ್ಲಿ ಮ್ಯಾನುವಲ್ ಮತ್ತೆ ಆಯ್ಕೆಯಾಗಿ ಬಂತು, 2021ರ ಮಾದರಿಯಲ್ಲೂ ಉಳಿಯಿತು, 2023ರ 911 ಎಸ್/ಟಿ ಎಂಬ 1,963 ಕಾರುಗಳ ಆವೃತ್ತಿಯಲ್ಲಿ ಮ್ಯಾನುವಲ್ ಬಿಟ್ಟು ಬೇರೆ ಗೇರ್‌ಬಾಕ್ಸೇ ಇಲ್ಲ. ಆಸ್ಟನ್ ಮಾರ್ಟಿನ್ 2023ರಲ್ಲಿ ವ್ಯಾಲರ್ ಎಂಬ 110 ಕಾರುಗಳಿಗೆ ಎರಡು ಟರ್ಬೊ ಇರುವ, 12 ಸಿಲಿಂಡರಿನ ವಿ12 ಎಂಜಿನ್ನಿನ ಹಿಂದೆ ಆರು ಗೇರಿನ ಮ್ಯಾನುವಲ್ ಕೊಟ್ಟಿತು. ಇಟಲಿಯ ಪಗಾನಿ ಕಂಪನಿಯ ಯುಟೋಪಿಯಾ ಕಾರಿನಲ್ಲಿ 1,100 ನ್ಯೂಟನ್ ಮೀಟರ್ ತಿರುಚುಬಲವನ್ನು ಏಳು ಗೇರಿನ ಮ್ಯಾನುವಲ್ ಮೂಲಕ ಚಾಲಕನ ಕೈಗೆ ಒಪ್ಪಿಸಿದ್ದಾರೆ.

ಇವುಗಳಲ್ಲಿ ನನಗೆ ಅತ್ಯಂತ ಗೌರವವಿರುವುದು ಕಾರು ವಿನ್ಯಾಸಕ ಗೋರ್ಡನ್ ಮರ‍್ರೆಯವರ ಟಿ.50 ಕಾರಿನ ಬಗ್ಗೆ. 1990ರ ದಶಕದ ಮ್ಯಾಕ್‌ಲಾರೆನ್ ಎಫ್1 ಅವರದೇ ವಿನ್ಯಾಸ. ಆರು ಗೇರಿನ ಮ್ಯಾನುವಲ್ ಇಟ್ಟುಕೊಂಡೇ ಅದು 1998ರಲ್ಲಿ ಗಂಟೆಗೆ 386 ಕಿ.ಮೀ. ಮುಟ್ಟಿತ್ತು. 2020ರಲ್ಲಿ ತೋರಿಸಿದ, ಒಟ್ಟು 100ಕ್ಕೆ ಮಿತಿಗೊಳಿಸಿದ ಟಿ.50ರಲ್ಲಿ ಅವರು ಹೆಚ್ಚು ಬಲದ ಹಿಂದೆ ಹೋಗಲಿಲ್ಲ. ನಿಮಿಷಕ್ಕೆ 12,100 ಸುತ್ತಿನವರೆಗೆ ಏರುವ, ಟರ್ಬೊ ಇಲ್ಲದ ವಿ12 ಎಂಜಿನ್ನಿಗೆ ತಿರುಚುಬಲ 467 ನ್ಯೂಟನ್ ಮೀಟರ್ ಮಾತ್ರ, ಕಾರಿನ ತೂಕ 1,000 ಕಿಲೋಗಿಂತ ಕಡಿಮೆ. ಬಲ ಮಿತವಾಗಿದ್ದರಿಂದ ಕ್ಲಚ್ ಹಗುರ, ತೂಕ ಕಡಿಮೆಯಾದ್ದರಿಂದ ಮಿತವಾದ ಬಲವೇ ಸಾಕು. ಗೇರ್ ಲಿವರನ್ನು ಕೊನೆಗೆ ಜೋಡಿಸಿದ್ದಲ್ಲ, ಅದಕ್ಕೆ ಒಪ್ಪುವಂತೆ ಇಡೀ ಕಾರನ್ನು ಕಟ್ಟಿದ್ದಾರೆ. ಸ್ವೀಡನ್ನಿನ ಕೊನಿಗ್‌ಸೆಗ್ ಕಂಪನಿ 2022ರ ಸಿಸಿ850 ಕಾರಿನಲ್ಲಿ ಬೇರೆಯೇ ದಾರಿ ಹಿಡಿಯಿತು: ಒಂಬತ್ತು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸೊಂದಕ್ಕೆ ಕ್ಲಚ್ ಪೆಡಲನ್ನೂ ಆರು ಮನೆಯ ಲಿವರನ್ನೂ ಕೊಟ್ಟು, ಬೇಕೆಂದಾಗ ಮ್ಯಾನುವಲ್ ಆಗಿ ಓಡಿಸಲು ಅನುವು ಮಾಡಿತು. ಪೆಡಲಿನ ಆಜ್ಞೆ ವಿದ್ಯುತ್ ಸಂಕೇತವಾಗಿಯೇ ಹೋಗುತ್ತದೆಂದು ತಿಳಿದಾಗ ಇದು ತೋರಿಕೆಯದೇ ಎಂಬ ಅನುಮಾನ ನನಗೂ ಬಂದಿತ್ತು. ಆದರೆ ಕ್ಲಚ್ಚನ್ನು ತಪ್ಪಾಗಿ ಬಿಟ್ಟರೆ ಆ ಕಾರಿನ ಎಂಜಿನ್ ನಿಜವಾಗಿಯೂ ನಿಲ್ಲುತ್ತದೆ. ಚಾಲಕ ತಪ್ಪುವುದಕ್ಕೆ ಅವರು ಬೇಕೆಂದೇ ಅವಕಾಶ ಉಳಿಸಿದ್ದಾರೆ.

ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿಯೇ. ಮ್ಯಾನುವಲ್ ವೇಗದ ಸಾಧನವಾಗಿದ್ದ ಕಾಲದಲ್ಲಿ ಅದನ್ನು ಯಾರೂ ಪ್ರೀತಿಯಿಂದ ಆರಿಸಿಕೊಳ್ಳಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ಯಂತ್ರ ಗೆದ್ದ ಮೇಲೆ ಕೈಯ ಕೆಲಸಕ್ಕೆ ವೇಗದ ಸಮರ್ಥನೆ ಬೇಕಿಲ್ಲದಂತಾಯಿತು, ಅದು ತನ್ನಷ್ಟಕ್ಕೇ ಬೆಲೆಯುಳ್ಳದ್ದಾಯಿತು. ತಿರುವಿಗೆ ಮೊದಲು ಮೂರರಿಂದ ಎರಡಕ್ಕೆ ಇಳಿಸುವಾಗ ಬಲಗಾಲಿನ ಮುಂಭಾಗದಿಂದ ಬ್ರೇಕ್ ಒತ್ತಿ, ಅದೇ ಕಾಲಿನ ಅಂಚಿನಿಂದ ಆಕ್ಸಿಲರೇಟರನ್ನು ತಟ್ಟಿ ಎಂಜಿನ್ನಿನ ಸುತ್ತನ್ನು ಗೇರಿನ ಸುತ್ತಿಗೆ ಹೊಂದಿಸಿದಾಗ ಲಿವರು ತಾನಾಗಿ ಒಳಗೆ ಬೀಳುತ್ತದೆ. ಹೊಂದಿಸದಿದ್ದರೆ ಕಾರು ಜಗ್ಗುತ್ತದೆ. ಸರಿಯಾದರೆ ಅದು ನಿಮ್ಮದು, ತಪ್ಪಿದರೂ ನಿಮ್ಮದೇ. ಹಣವಂತರು ಹೆಚ್ಚು ಕೊಟ್ಟು ಕೊಳ್ಳುತ್ತಿರುವುದು ಈ ಹೊಣೆಯನ್ನು. ಇದನ್ನು ನೆನಪಿನ ಹಂಬಲವೆಂದು ತಳ್ಳಿಹಾಕುವವರು ಗೇರ್‌ಬಾಕ್ಸಿನ ಒಳಗೆ ನಡೆಯುವುದನ್ನು ಕೈಯಾರೆ ಕಂಡವರಲ್ಲ ಎಂದು ನಾನು ಭಾವಿಸುತ್ತೇನೆ.

ಒಳಗೆ ನಡೆಯುವುದೇನೆಂದರೆ, ನೀವು ಲಿವರು ತಳ್ಳಿದಾಗ ಹಲ್ಲಿಗೆ ಹಲ್ಲು ನೇರವಾಗಿ ಸೇರುವುದಿಲ್ಲ. ಮೊದಲು ಹಿತ್ತಾಳೆಯಂಥ ಲೋಹದ ಒಂದು ಉಂಗುರ, ಗೇರಿನ ಕೋನಾಕಾರದ ಮೈಗೆ ಉಜ್ಜಿಕೊಂಡು ಎರಡರ ಸುತ್ತನ್ನೂ ಸಮ ಮಾಡುತ್ತದೆ. ಸಮವಾಗುವವರೆಗೂ ಅದು ಹಲ್ಲುಗಳಿಗೆ ಅಡ್ಡ ನಿಲ್ಲುತ್ತದೆ, ಸಮವಾದ ಕ್ಷಣ ದಾರಿ ಬಿಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ಈ ಸಿಂಕ್ರೊಮೆಶ್ ವ್ಯವಸ್ಥೆಯ ಆಧುನಿಕ ರೂಪವೇ ನಿಮ್ಮ ಹ್ಯಾಚ್‌ಬ್ಯಾಕಿನಲ್ಲೂ ಜಿಟಿ3ಯಲ್ಲೂ ಇರುವುದು. ಲಿವರು ಒಂದು ಕ್ಷಣ ತಡೆದಂತಾಗಿ ಆಮೇಲೆ ಜಾರಿಕೊಂಡು ಹೋಗುವುದನ್ನು ನಿಮ್ಮ ಅಂಗೈ ಮೂವತ್ತು ವರ್ಷಗಳಿಂದ ಬಲ್ಲದು. ಆ ತಡೆ ಉಂಗುರದ ಉಜ್ಜಾಟವೇ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒಂದು ವಿದ್ಯುತ್ ಗುಂಡಿಯಾದ್ದರಿಂದ ಅದರಲ್ಲಿ ಈ ಸುದ್ದಿ ಕೈಗೆ ಬರಲಾರದು.

ಕೊಲ್ಲಿಯಲ್ಲಿದ್ದಾಗ ಹಳೆಯ ಫೆರಾರಿಗಳ ಮಾಲೀಕರು ಎರಡನೇ ಗೇರ್ ಬೀಳುತ್ತಿಲ್ಲವೆಂದು ಗಾಬರಿಯಾಗಿ ಬರುತ್ತಿದ್ದರು. ಎಣ್ಣೆ ತಣ್ಣಗಿದ್ದಾಗ ಗಟ್ಟಿಯಾಗಿದ್ದು ಉಂಗುರ ತನ್ನ ಕೆಲಸವನ್ನು ಬೇಗ ಮುಗಿಸಲಾರದೆಂಬುದಷ್ಟೇ ಕಾರಣ. ಎಣ್ಣೆ ಕಾಯುವವರೆಗೆ ಒಂದರಿಂದ ನೇರವಾಗಿ ಮೂರಕ್ಕೆ ಹಾಕಿ ಎಂದು ಹೇಳಿ ಕಳಿಸುತ್ತಿದ್ದೆವು. ಆ ಕಾರುಗಳಲ್ಲಿ ಲಿವರಿನ ಬುಡಕ್ಕೆ ಸೀಳುಗಳಿರುವ ಲೋಹದ ತೆರೆದ ಪಟ್ಟಿ ಇರುತ್ತದೆ, ಗೇರ್ ಹಾಕಿದಾಗ ಟಕ್ ಎಂಬ ಸದ್ದು ಅಲ್ಲಿಂದಲೇ. ಆ ಪಟ್ಟಿಯಿಂದ ಗೇರ್ ಬೇಗ ಬೀಳುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ದಾರಿ ತಪ್ಪದಂತೆ ಲಿವರನ್ನು ನಡೆಸುವುದು ಅದರ ಕೆಲಸ, ಸದ್ದು ಮತ್ತು ಅಂದ ಹೆಚ್ಚಿನ ಲಾಭ.

ಇನ್ನೊಂದು ಮಾತನ್ನು ನೀವು ನಂಬಲಾರಿರಿ, ಆದರೆ ಲೆಕ್ಕ ಸರಿಯಾಗಿದೆ. ಪೋರ್ಷೆ ಕೇಮನ್ ಜಿಟಿ4ನಂಥ ಕಾರಿನಲ್ಲಿ ಎರಡನೇ ಗೇರೊಂದೇ ಗಂಟೆಗೆ 130 ಕಿ.ಮೀ. ದಾಟುತ್ತದೆ. ಅಂಥ ಕಾರನ್ನು ದೇವಿಮನೆ ಘಟ್ಟಕ್ಕೆ ತಂದರೆ ಕೆಳಗಿನಿಂದ ಮೇಲಿನವರೆಗೆ ಇಡೀ ಘಟ್ಟ ಎರಡನೇ ಗೇರಿನಲ್ಲೇ ಮುಗಿದುಹೋಗುತ್ತದೆ. ನಿಮ್ಮ ಹ್ಯಾಚ್‌ಬ್ಯಾಕಾದರೋ ಪ್ರತಿ ಹಿಮ್ಮುರಿ ತಿರುವಿನಲ್ಲೂ ಮೂರರಿಂದ ಎರಡಕ್ಕೆ, ಭಾರವಿದ್ದರೆ ಒಂದಕ್ಕೆ, ಮತ್ತೆ ಎರಡಕ್ಕೆ, ಮೂರಕ್ಕೆ ಎಂದು ಕೈಗೆ ಕೆಲಸ ಕೊಡುತ್ತಲೇ ಇರುತ್ತದೆ. ಆ ಕಾರುಗಳನ್ನು ಕೊಂಡವರು ಹುಡುಕುತ್ತಿರುವ ಅನುಭವ ನಿಮಗೆ ವಾರಕ್ಕೆ ನಾಲ್ಕು ಬಾರಿ ಸಿಗುತ್ತಿದೆ. ಆದ್ದರಿಂದ ನಿಮ್ಮದು ಹಠವಲ್ಲ. ಆದರೂ ಮೊಣಕಾಲು ಬೇರೆ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಅಣ್ಣನ ಮಗನ ಆಯ್ಕೆಯಲ್ಲಿ ಬೆಲೆಗಿಂತ ಮುಖ್ಯವಾದ ಒಂದು ಪರೀಕ್ಷೆ ಇದೆ. ಮ್ಯಾನುವಲ್ ಕಾರಿನಲ್ಲಿ ಮೂರನೇ ಗೇರಿನಲ್ಲಿ 8,500 ಸುತ್ತಿಗೆ ಏರಿಸಿದವನು ನೇರ ಹಿಂದಕ್ಕೆ ಎಳೆದು ನಾಲ್ಕಕ್ಕೆ ಹಾಕುವ ಬದಲು ಅವಸರದಲ್ಲಿ ಕೈ ಎಡಕ್ಕೆ ವಾಲಿ ಎರಡಕ್ಕೆ ಹಾಕಿದರೆ, ಚಕ್ರಗಳೇ ಎಂಜಿನ್ನನ್ನು 11,000 ಸುತ್ತಿನಾಚೆಗೆ ತಿರುಗಿಸುತ್ತವೆ. ಜಿಟಿ3ಯ ಮಿತಿ 9,000. ಮಿತಿ ಕಾಯುವ ಗಣಕವು ಇಂಧನವನ್ನು ಕಡಿಯಬಲ್ಲುದೇ ಹೊರತು ಚಕ್ರದ ಬಲವನ್ನು ತಡೆಯಲಾರದು. ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಒಂದೇ ಏಟಿಗೆ ಹಾಳಾಗಬಹುದು. ಅಂಥ ಒಂದು ಎಂಜಿನ್ನನ್ನು ನಾನೇ ಬಿಚ್ಚಿದ್ದೇನೆ. ಅದರ ಮಾಲೀಕ ಎದುರಿಗೆ ನಿಂತು, ಒಂದೇ ಒಂದು ಸಲ ಆದದ್ದು ಎಂದು ಮತ್ತೆಮತ್ತೆ ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಪಿಡಿಕೆಯಾದರೆ ಇಂಥ ಆಜ್ಞೆಯನ್ನು ಪಾಲಿಸಲು ಒಪ್ಪುವುದೇ ಇಲ್ಲ. ಪೋರ್ಷೆ ಕಾರಿನ ಎಂಜಿನ್ ಗಣಕದಲ್ಲಿ ಮಿತಿಮೀರಿದ ಸುತ್ತುಗಳು ಆರು ಹಂತಗಳಲ್ಲಿ, ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಎಂಬ ವಿವರದೊಡನೆ ದಾಖಲಾಗಿರುತ್ತವೆ. ಕೆಳಗಿನ ಒಂದೆರಡು ಹಂತಗಳಲ್ಲಿ ಅಂಕಿಗಳಿದ್ದರೆ ಚಿಂತೆಯಿಲ್ಲ. ಮೇಲಿನ ಮೂರು ಹಂತಗಳಲ್ಲಿ ದಾಖಲೆಯಿದ್ದರೆ ಯಾರೋ ತಪ್ಪು ಗೇರ್ ಹಾಕಿದ್ದಾರೆಂದೇ ಅರ್ಥ. ಆ ವರದಿಯನ್ನು ತೆಗೆಸದೆ ಮುಂಗಡ ಕೊಡಬಾರದು. ಮಾರುವವನು ವರದಿ ತೆಗೆಸಲು ಹಿಂಜರಿದರೆ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟು ಬರುವುದು ಲೇಸು. ಕ್ಲಚ್ಚಿನ ಸವೆತವನ್ನೂ ನೋಡಿಸಬೇಕು.

ಮ್ಯಾನುವಲ್ ಕಾರು ಯಾಂತ್ರಿಕವಾಗಿ ಸರಳ, ಪಿಡಿಕೆ ಕಾರಿಗಿಂತ 17 ಕಿಲೋ ಹಗುರ. ಎರಡು ಕ್ಲಚ್ಚಿನ ಪೆಟ್ಟಿಗೆ ಕೆಟ್ಟರೆ ದುರಸ್ತಿಯ ವೆಚ್ಚ ಬಹಳ. ಆದರೆ ಮ್ಯಾನುವಲ್ ಎಂದೂ ಕೆಡುವುದಿಲ್ಲವೆನ್ನುವುದು ತಪ್ಪು: ದುಬೈನ ಸಂಜೆಯ ವಾಹನದಟ್ಟಣೆಯಲ್ಲಿ ದಿನವೂ ಹಾಫ್ ಕ್ಲಚ್ಚಿನಲ್ಲಿ ತೆವಳಿದರೆ ಎಂಥ ಕ್ಲಚ್ಚೂ ಬೇಗ ಸುಡುತ್ತದೆ. ದಿನನಿತ್ಯದ ಓಡಾಟಕ್ಕೂ ಪಂದ್ಯದ ಮೈದಾನದಲ್ಲಿ ಸಮಯ ಇಳಿಸುವುದಕ್ಕೂ ಪಿಡಿಕೆಯೇ ಸೂಕ್ತ. ರಜೆಯ ದಿನ ಬೆಳಿಗ್ಗೆ ಹಟ್ಟಾದ ಬೆಟ್ಟದ ರಸ್ತೆಗೆ ಹೋಗಿ ಬರಲಿಕ್ಕಾದರೆ ಮ್ಯಾನುವಲ್ಲಿಗೆ ಹೆಚ್ಚು ಕೊಟ್ಟರೆ ತಪ್ಪಿಲ್ಲ, ಅದನ್ನು ಹೂಡಿಕೆಯೆಂದು ಎಣಿಸದಿದ್ದರೆ. ಇಂದಿನ ಹೆಚ್ಚುವರಿ ಬೆಲೆ ಅದರ ವಿರಳತೆಯ ಮೇಲೆ ನಿಂತಿದೆ. ಹೆಚ್ಚು ಕಂಪನಿಗಳು ಮ್ಯಾನುವಲ್ ತಂದರೆ ಅದು ಇಳಿಯಲೂಬಹುದು. ಅವನು ಊರಿನಲ್ಲಿ ಎಡಗೈಯಿಂದ ಗೇರ್ ಹಾಕಿ ಕಲಿತವನಾದ್ದರಿಂದ, ಅಲ್ಲಿ ಬಲಗೈಯಿಂದ ಹಾಕುವ ಲಿವರು ಪೂರ್ತಿ ಒಗ್ಗುವವರೆಗೆ ಸುತ್ತುಗಳನ್ನು ಮೇಲಕ್ಕೆ ಏರಿಸದಿರುವಂತೆ ದಯವಿಟ್ಟು ಹೇಳಿ. ತಪ್ಪು ಗೇರ್ ಬೀಳುವುದು ಹೆಚ್ಚಾಗಿ ಆ ಮೊದಲ ತಿಂಗಳುಗಳಲ್ಲಿಯೇ.

ಈಗ ನಿಮ್ಮ ಕಾರು. ಮ್ಯಾನುವಲ್ಲಿಗೆ ಮೈಲೇಜ್ ಹೆಚ್ಚು ಎಂಬುದು ಒಂದು ಕಾಲದ ಸತ್ಯ. ಎಎಂಟಿಯಲ್ಲಿ ಗೇರ್‌ಬಾಕ್ಸೇ ಅದಾಗಿರುವುದರಿಂದ ವ್ಯತ್ಯಾಸ ನಗಣ್ಯ, ಉಳಿದವುಗಳಲ್ಲೂ ಅಂತರ ಬಹಳ ಕಿರಿದಾಗಿದೆ. ಘಟ್ಟದಲ್ಲಿ ಆಟೊಮ್ಯಾಟಿಕ್ ಅಪಾಯಕಾರಿ ಎಂಬ ಭಯವೂ ಬೇಡ, ಇಳಿಯುವಾಗ ಗೇರನ್ನು ಕೆಳಗೆ ಹಿಡಿದಿಡುವ ಮ್ಯಾನುವಲ್ ಮೋಡ್ ಅಥವಾ ಎಲ್ ಸ್ಥಾನ ಇದ್ದು, ಅದನ್ನು ನೀವು ಬಳಸುವಿರಾದರೆ. ನಿಜವಾದ ಅಪಾಯ ನ್ಯೂಟ್ರಲ್. ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ ಬಿಟ್ಟರೆ ಇಂಧನ ಉಳಿಯುತ್ತದೆಂದು ನಂಬಿರುವ ಚಾಲಕರು ನಮ್ಮಲ್ಲಿ ಈಗಲೂ ಇದ್ದಾರೆ. ಇಂದಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಗಣಕವು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ನಿಲ್ಲದಿರಲು ಇಂಧನ ಸುರಿಯುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಬ್ರೇಕಿನ ಮೇಲೆ ಭಾರವೂ ಹೆಚ್ಚು. ಶಿರಸಿಯ ಎತ್ತರ ಸುಮಾರು 600 ಮೀಟರ್, ಕುಮಟಾ ಸಮುದ್ರದ ಅಂಚಿನಲ್ಲಿದೆ. ಜನರನ್ನೂ ಸೇರಿಸಿ 1,300 ಕಿಲೋ ತೂಗುವ ಕಾರು 500 ಮೀಟರ್ ಇಳಿದರೂ ಹೊರಬೀಳುವ ಶಕ್ತಿ ಸುಮಾರು 20 ಲೀಟರ್ ತಣ್ಣೀರನ್ನು ಕುದಿ ಬರಿಸಲು ಸಾಕು. ಎಂಜಿನ್ ಬ್ರೇಕ್, ಅಂದರೆ ಗೇರಿನಲ್ಲಿರುವ ಎಂಜಿನ್ ತಾನೇ ಕಾರನ್ನು ತಡೆಯುವುದು, ಇಲ್ಲದಿದ್ದರೆ ಅದರ ಬಹುಪಾಲನ್ನು ನಾಲ್ಕು ಬ್ರೇಕುಗಳೇ ನುಂಗಬೇಕು. ಪೆಡಲ್ ಮೆತ್ತಗಾಯಿತು, ಬ್ರೇಕ್ ಹಿಡಿಯಲಿಲ್ಲ ಎಂದು ನನ್ನಲ್ಲಿಗೆ ಬಂದ ವಾಹನಗಳಲ್ಲಿ ಹಲವು ಹೀಗೆ ಇಳಿದವು. ಆಟೊಮ್ಯಾಟಿಕ್ ಕೊಂಡರೆ ಈ ಒಂದು ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ: ಘಟ್ಟದ ತಲೆಯಲ್ಲೇ, ಇಳಿಜಾರು ಶುರುವಾಗುವ ಮುನ್ನ, ಗೇರನ್ನು ಕೆಳಗೆ ಹಿಡಿದಿಡಬೇಕು.

ಆಟೊಮ್ಯಾಟಿಕ್‌ಗಳ ಪೈಕಿ ಎಎಂಟಿ ಅಗ್ಗ, ದುರಸ್ತಿಯೂ ಸುಲಭ. ಆದರೆ ತಿರುವಿನ ನಡುವೆ ಲಾರಿಯ ಹಿಂದೆ ತೆವಳುವಾಗ ಒಂದು-ಎರಡರ ನಡುವೆ ತಡಕಾಡುತ್ತದೆ, ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಇಲ್ಲದ ಎಎಂಟಿಯನ್ನು ನಮ್ಮ ಕಡೆಯವರು ಕೊಳ್ಳಬಾರದು. ಎರಡು ಕ್ಲಚ್ಚಿನದ್ದು ಓಡಿಸಲು ಸೊಗಸು, ಆದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನ ಮಾದರಿಗಳು ನಿಂತು-ಹೊರಡುವ ಏರಿನಲ್ಲಿ ಬಿಸಿಯಾಗುತ್ತವೆ. ಹಂತ ಹಂತದ ಗೇರುಗಳಿಲ್ಲದ ಸಿವಿಟಿ ಪೇಟೆಗೆ ನುಣುಪು, ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯುವುದು ಕೇಳಿಸುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಬಲ ಹಾಯುವುದರಿಂದ ಅದು ನಿಧಾನದ ಏರನ್ನು ಸಹಿಸಿಕೊಳ್ಳುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ವಾರಕ್ಕೆ ನಾಲ್ಕು ಬಾರಿ ಘಟ್ಟ ಹತ್ತುವ, ಮೊಣಕಾಲು ನೋಯುವ ವ್ಯಕ್ತಿಗೆ ನಾನು ಹೇಳುವುದು ಇದನ್ನೇ. ಇನ್ನೊಂದು ನಡುವಿನ ದಾರಿಯಿದೆ. 2020ರಲ್ಲಿ ಹ್ಯುಂಡೈ ವೆನ್ಯೂ ಮೂಲಕ ನಮ್ಮ ದೇಶಕ್ಕೆ ಬಂದ ಐಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರ್ ಲಿವರು ಇದೆ: ನೀವು ಲಿವರು ಮುಟ್ಟಿದೊಡನೆ ಕ್ಲಚ್ಚನ್ನು ಯಂತ್ರ ಬಿಡಿಸುತ್ತದೆ, ಗೇರನ್ನು ನೀವೇ ಹಾಕುತ್ತೀರಿ. ಕಾಲಿಗೆ ವಿಶ್ರಾಂತಿ, ಕೈಗೆ ಕೆಲಸ. ಯಾವ ಮಾದರಿಗಳಲ್ಲಿ ಈಗ ಲಭ್ಯವಿದೆಯೆಂದು ಶೋರೂಮಿನಲ್ಲಿ ವಿಚಾರಿಸಿ ನೋಡಿ. ಟೆಸ್ಟ್ ಡ್ರೈವ್‌ಗೆ ಯಾವ ಕಾರನ್ನು ಕೊಟ್ಟರೂ ಹೆದ್ದಾರಿಯಲ್ಲಿ ಓಡಿಸಿ ಒಪ್ಪಿಕೊಳ್ಳಬೇಡಿ. ನಾಲ್ಕು ಜನರನ್ನು ಕೂರಿಸಿಕೊಂಡು ಘಟ್ಟದ ಏರಿನಲ್ಲಿ ಒಮ್ಮೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿ, ಆಮೇಲೆ ಇಳಿಸಿ ನೋಡಿ. ಮೊಣಕಾಲನ್ನು ವೈದ್ಯರಿಗೆ ತೋರಿಸಿ, ಕ್ಲಚ್ ಒತ್ತುವುದು ಎಷ್ಟರ ಮಟ್ಟಿಗೆ ಸರಿಯೆಂದು ಅವರಿಂದಲೇ ಕೇಳಿ. ನೋವು ನುಂಗಿಕೊಂಡು ಮ್ಯಾನುವಲ್ ಓಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ತುರ್ತಿನ ಹೊತ್ತಿನಲ್ಲಿ ಕಾಲು ಹಿಂಜರಿದರೆ ಘಟ್ಟ ಕ್ಷಮಿಸುವುದಿಲ್ಲ.

ಹಳೆಯ ಹ್ಯಾಚ್‌ಬ್ಯಾಕಿಗೆ ಬರುವ ಬೆಲೆ ಅಷ್ಟೇನೂ ಇರಲಾರದು. ಮನೆಯಲ್ಲಿ ಜಾಗವಿದ್ದರೆ ಅದನ್ನು ಮಾರಬೇಡಿ. ನೋವಿಲ್ಲದ ದಿನ ನೀವೇ ಓಡಿಸಿ, ಮಗಳಿಗೂ ಆ ಕಾರಿನಲ್ಲಿ ಘಟ್ಟ ಹತ್ತಿಸಲು ಕಲಿಸಿ, ಉಂಗುರ ದಾರಿ ಬಿಡುವ ಕ್ಷಣ ಅವಳ ಅಂಗೈಗೂ ತಿಳಿಯಲಿ. ಮಳೆಗಾಲದ ಬೆಳಿಗ್ಗೆ ಎರಡನೇ ಗೇರ್ ಬಿಗಿಯಾಗಿರುವುದಕ್ಕೆ ಕಾರಣ ಬಹುಮಟ್ಟಿಗೆ ಆ ಫೆರಾರಿಗಳದ್ದೇ: ತಣ್ಣನೆಯ ಎಣ್ಣೆ. 11 ವರ್ಷದಲ್ಲಿ ಗೇರ್ ಆಯಿಲ್ ಒಮ್ಮೆಯೂ ಬದಲಾಗಿರದಿದ್ದರೆ, ಕಂಪನಿಯ ಕೈಪಿಡಿಯಲ್ಲಿ ಹೇಳಿರುವ ದರ್ಜೆಯದನ್ನೇ ಹಾಕಿಸಿ. ಕಾರು ಬಿಸಿಯಾದ ಮೇಲೂ ಬಿಗಿ ಉಳಿದರೆ, ಅಥವಾ ಕರಕರ ಸದ್ದು ಬಂದರೆ, ಉಂಗುರ ಸವೆದಿದೆಯೆಂದು ತಿಳಿದು ತಡಮಾಡದೆ ಗೇರ್‌ಬಾಕ್ಸ್ ಬಿಚ್ಚಿಸಿ.